ವೈಟ್ ಬೋರ್ಡು, ಯೆಲ್ಲೋ ಬೋರ್ಡು, ಪಿಕಪ್ಪು: ಹತ್ತುವ ಮುಂಚೆ ಗೊತ್ತಿರಬೇಕಾದ ಗಾಡಿ ಪದಗಳು

ನಮ್ಮ ಸಂಸೆ ಕಡೆ ಗಾಡಿಗಳಲ್ಲಿ ಎರಡೇ ಜಾತಿ. ಒಂದು ಏರು ಹತ್ತುತ್ತೆ, ಇನ್ನೊಂದು ಹತ್ತಲ್ಲ. ಬಾಳೆಗಲ್ಲಿನಿಂದ ಮುಳ್ಳೋಡಿಗೆ ಕುದುರೆಮುಖ ಚಾರಣಿಗರನ್ನು ಹೊತ್ತೊಯ್ಯೋ ಜೀಪು ಮೊದಲನೇ ಜಾತಿ. ಬೆಂಗಳೂರಿಂದ ಬಂದು ಮೊದಲ ಕೆಸರಲ್ಲೇ ಹೂತುಕೊಳ್ಳೋ ಕಾರು ಎರಡನೇದು. ಇಷ್ಟು ಗೊತ್ತಿದ್ರೆ ಸಾಕು ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ.

ಹಾಗಲ್ಲ ಅಂತ ಗೊತ್ತಾಗಿದ್ದು ಒಂದು ಕಾಫಿ ಕೊಯ್ಲಿನ ಸಮಯದಲ್ಲಿ. ತೋಟಕ್ಕೆ ಹಣ್ಣು ಕುಯ್ಯೋಕೆ ಹೆಂಗಸರನ್ನು ಕರೆದೊಯ್ಯುತ್ತಿದ್ದ ಪಿಕಪ್ ಒಂದು ತಿರುವಲ್ಲಿ ಮಗುಚಿತು. ಅದರಲ್ಲಿ ನನ್ನ ಚಿಕ್ಕಮ್ಮ ಇದ್ದಳು. ತೊಡೆ ಮೂಳೆ ಮುರಿದು, ರಾಡ್ ಹಾಕಿಸಿಕೊಂಡು, ಮೂರು ತಿಂಗಳು ಮಲಗಿದಳು. ಗಾಡಿಗೆ ಇನ್ಶೂರೆನ್ಸ್ ಇತ್ತು, ಎಫ್‌ಸಿ ಇತ್ತು, ಡ್ರೈವರ್ ಹತ್ರ ಲೈಸೆನ್ಸೂ ಇತ್ತು. "ಎಲ್ಲಾ ಪೇಪರ್ ಸರಿ ಉಂಟು, ದುಡ್ಡು ಬರ್ತದೆ ಬಿಡಿ" ಅಂತ ಊರಲ್ಲಿ ಎಲ್ಲರೂ ಧೈರ್ಯ ಹೇಳಿದರು. ವಕೀಲರು ಆರ್‌ಸಿ ತೆಗೆದು ನೋಡಿ ಒಂದೇ ಪದದ ಮೇಲೆ ಬೆರಳಿಟ್ಟರು: ಗೂಡ್ಸ್.

ಆ ಪದದಿಂದಾಗಿ ವಿಮಾ ಕಂಪನಿ ಕೈ ತೊಳೆದುಕೊಂಡಿತು. ಪರಿಹಾರ ಕೊಡಬೇಕಾದವನು ಗಾಡಿ ಮಾಲೀಕ ಅಂತಾಯ್ತು. ಆ ಮಾಲೀಕನೋ, ಇನ್ನೂ ಗಾಡಿಯ ಸಾಲದ ಕಂತು ಕಟ್ಟುತ್ತಿದ್ದ ನಮ್ಮಂಥವನೇ. ಕೊನೆಗೆ ಒಂದಷ್ಟು ಕೊಟ್ಟು ಕೈಮುಗಿದ. ಚಿಕ್ಕಮ್ಮ ಈಗಲೂ ಕುಂಟುತ್ತಾಳೆ.

ಅದಕ್ಕೇ ಈ ಬರಹ. ಕಾರು ಕೊಳ್ಳೋರಿಗೆ ಮೈಲೇಜು, ಸನ್‌ರೂಫು ವಿವರಿಸೋ ಪುಟಗಳು ಬೇಕಾದಷ್ಟಿವೆ. ಇದು ಕಾರು ಕೊಳ್ಳದೇ ಗಾಡಿ ಹತ್ತೋರಿಗೆ. ನಾವು ದಿನಾ ಬಾಯಲ್ಲಿ ಆಡೋ ಗಾಡಿ ಪದಗಳಿಗೆ ಕಾನೂನು ಕೊಡೋ ಅರ್ಥ ಏನು, ಅದರಿಂದ ಯಾರಿಗೆ ಏನು ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನೋದನ್ನ ಒಂದೊಂದಾಗಿ ಬಿಡಿಸಿಟ್ಟಿದ್ದೇನೆ. ಓದಿ, ಮನೆಯವರಿಗೂ ಓದಿ ಹೇಳಿ.

ಬೋರ್ಡಿನ ಬಣ್ಣ

ವೈಟ್ ಬೋರ್ಡು: ಬಿಳಿ ನಂಬರ್ ಪ್ಲೇಟಿನ ಮೇಲೆ ಕಪ್ಪು ಅಕ್ಷರ. ಇದು ಸ್ವಂತ ಬಳಕೆಯ ವಾಹನ. ಕಾನೂನಿನ ಭಾಷೆಯಲ್ಲಿ 'ನಾನ್ ಟ್ರಾನ್ಸ್‌ಪೋರ್ಟ್'. ಮನೆಯವರು, ನೆಂಟರು, ಸ್ನೇಹಿತರು ಕೂತು ಹೋಗಬಹುದು. ಬಾಡಿಗೆ ತೆಗೆದುಕೊಂಡು ಜನರನ್ನು ಹತ್ತಿಸಿಕೊಳ್ಳುವಂತಿಲ್ಲ.

ಯೆಲ್ಲೋ ಬೋರ್ಡು: ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ. ಇದು 'ಟ್ರಾನ್ಸ್‌ಪೋರ್ಟ್ ವಾಹನ'. ಇಲ್ಲೇ ನಮ್ಮ ಜನ ಎಡವೋದು. ಹಳದಿ ಬೋರ್ಡು ಇದ್ದರೆ ಜನ ಕೂರಬಹುದು ಅಂತ ಅಲ್ಲ. ಟ್ಯಾಕ್ಸಿ, ಬಸ್ಸು, ಲಾರಿ, ಪಿಕಪ್ಪು, ಗೂಡ್ಸ್ ಆಟೋ ಎಲ್ಲಕ್ಕೂ ಹಳದಿ ಬೋರ್ಡೇ. ಬಣ್ಣ ಹೇಳೋದು 'ಇದು ದುಡಿಮೆಯ ಗಾಡಿ' ಅಂತ ಮಾತ್ರ. ಏನನ್ನು ಹೊತ್ತು ದುಡಿಯೋ ಗಾಡಿ ಅನ್ನೋದು ಆರ್‌ಸಿಯಲ್ಲಿರುತ್ತೆ.

ಹಸಿರು ಬೋರ್ಡು: ಎಲೆಕ್ಟ್ರಿಕ್ ಗಾಡಿ. ಬಿಳಿ ಅಕ್ಷರ ಇದ್ದರೆ ಸ್ವಂತದ್ದು, ಹಳದಿ ಅಕ್ಷರ ಇದ್ದರೆ ಬಾಡಿಗೆಯದ್ದು.

ಕಪ್ಪು ಬೋರ್ಡು, ಹಳದಿ ಅಕ್ಷರ: ಡ್ರೈವರ್ ಇಲ್ಲದೆ ನಾವೇ ಓಡಿಸೋಕೆ ಬಾಡಿಗೆಗೆ ಸಿಗೋ ಗಾಡಿ. ಸಂಸೆ ಕಡೆ ವಾರಾಂತ್ಯಕ್ಕೆ ಬರೋ ಪ್ರವಾಸಿಗರ ಕೈಯಲ್ಲಿ ಕಾಣಸಿಗುತ್ತೆ.

ಕೆಎ-18: ಚಿಕ್ಕಮಗಳೂರು ಆರ್‌ಟಿಒ ಕಚೇರಿಯ ಸಂಖ್ಯೆ. ಗಾಡಿ ಎಲ್ಲಿ ನೋಂದಣಿ ಆಗಿದೆ ಅಂತಷ್ಟೇ ಇದು ಹೇಳುತ್ತೆ, ಮಾಲೀಕ ಎಲ್ಲಿಯವನು ಅಂತಲ್ಲ.

ಆರ್‌ಸಿಯಲ್ಲಿ ಕಾಣೋ ಪದಗಳು

ಆರ್‌ಸಿ ಅಂದ್ರೆ ನೋಂದಣಿ ಪತ್ರ. ಗಾಡಿಯ ಜಾತಕ ಅನ್ನಿ. ಮಾಲೀಕನ ಹತ್ರ ಕೇಳಿ ನೋಡಬೇಕು ಅಂತೇನಿಲ್ಲ. ಕೇಂದ್ರ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದ್ರೆ ವಾಹನದ ವರ್ಗ, ಎಫ್‌ಸಿ ಮತ್ತು ಇನ್ಶೂರೆನ್ಸ್ ಎಲ್ಲಿವರೆಗೆ ಇದೆ ಅನ್ನೋದು ಕಾಣುತ್ತೆ.

ವೆಹಿಕಲ್ ಕ್ಲಾಸ್: ಇಡೀ ಆರ್‌ಸಿಯಲ್ಲಿ ಒಂದೇ ಒಂದು ಸಾಲು ಓದೋಕೆ ಸಮಯ ಇದ್ದರೆ ಇದನ್ನೇ ಓದಿ. 'ಮೋಟಾರ್ ಕಾರ್' ಅಂತಿದ್ದರೆ ಸ್ವಂತದ್ದು. 'ಮೋಟಾರ್ ಕ್ಯಾಬ್' ಅಂದ್ರೆ ಡ್ರೈವರ್ ಬಿಟ್ಟು 6 ಜನರವರೆಗೆ ಕೂರಿಸೋ ಬಾಡಿಗೆ ಗಾಡಿ. 'ಮ್ಯಾಕ್ಸಿ ಕ್ಯಾಬ್' ಅಂದ್ರೆ 6ಕ್ಕಿಂತ ಹೆಚ್ಚು, 12ರವರೆಗೆ. 'ಗೂಡ್ಸ್ ಕ್ಯಾರಿಯರ್' ಅಂದ್ರೆ ಸರಕಿನ ಗಾಡಿ.

ಗೂಡ್ಸ್: 1988ರ ಮೋಟಾರು ವಾಹನ ಕಾಯ್ದೆ ಸರಕು ಅಂದ್ರೆ ಏನು ಅಂತ 2ನೇ ಸೆಕ್ಷನ್ನಿನಲ್ಲಿ ಹೇಳುತ್ತೆ. ಜಾನುವಾರು ಸರಕಿನೊಳಗೆ ಬರುತ್ತೆ. ಜೀವಂತ ಮನುಷ್ಯರು ಬರೋದಿಲ್ಲ. ಓದುವಾಗ ಇದು ಮನುಷ್ಯರಿಗೆ ಕೊಟ್ಟ ಗೌರವ ಅನ್ನಿಸುತ್ತೆ. ಆದರೆ ಪಿಕಪ್ಪಿನ ಹಿಂದೆ ನಿಂತಾಗ ಅರ್ಥ ಬೇರೆ. ಅಲ್ಲಿ ಕಟ್ಟಿರೋ ಹಸುವಿಗೆ ಆ ಗಾಡಿಯಲ್ಲಿ ಇರೋಕೆ ಕಾನೂನಿನಲ್ಲಿ ಒಂದು ಹೆಸರುಂಟು. ಹಸುವಿನ ಪಕ್ಕ ಬುತ್ತಿ ಹಿಡಿದು ನಿಂತ ಹೆಂಗಸಿಗೆ ಇಲ್ಲ.

ಅನ್‌ಲೇಡನ್ ವೇಟ್ ಮತ್ತು ಜಿವಿಡಬ್ಲ್ಯೂ: ಮೊದಲನೇದು ಖಾಲಿ ಗಾಡಿಯ ತೂಕ. ಎರಡನೇದು ಗಾಡಿ, ಜನ, ಲೋಡು ಎಲ್ಲಾ ಸೇರಿ ಇರಬಹುದಾದ ಗರಿಷ್ಠ ತೂಕ. ಇವೆರಡರ ನಡುವಿನ ವ್ಯತ್ಯಾಸವೇ ಗಾಡಿ ಹೊರಬಹುದಾದ ಭಾರ. ಉದಾಹರಣೆಗೆ ಖಾಲಿ ತೂಕ 1,700 ಕೆಜಿ, ಜಿವಿಡಬ್ಲ್ಯೂ 3,000 ಕೆಜಿ ಅಂದುಕೊಳ್ಳಿ. ಹೊರಬಹುದಾದದ್ದು 1,300 ಕೆಜಿ. 50 ಕೆಜಿಯ ಕಾಫಿ ಮೂಟೆ ಲೆಕ್ಕದಲ್ಲಿ 26 ಮೂಟೆ. ಕ್ಯಾಬಿನ್ನಿನಲ್ಲಿ ಕೂತವರ ತೂಕ ಕಳೆದರೆ ಅದಕ್ಕಿಂತ ಒಂದೆರಡು ಕಮ್ಮಿ.

"ಹಂಗಾರೆ 20 ಜನ ಹತ್ತಿದ್ರೆ 1,000 ಕೆಜಿ ತಾನೇ, ಎಂತ ತೊಂದ್ರೆ ಮಾರಾಯ?" ಅಂತ ನನ್ನನ್ನ ಕೇಳಿದವರಿದ್ದಾರೆ. ತೊಂದರೆ ಎರಡು. ಮೂಟೆ ಕೆಳಗೆ ಮಲಗಿರುತ್ತೆ, ಜನ ಮೇಲೆ ನಿಂತಿರುತ್ತಾರೆ. ಭಾರ ಎತ್ತರಕ್ಕೆ ಹೋದಷ್ಟೂ ತಿರುವಲ್ಲಿ ಗಾಡಿ ಮಗುಚೋದು ಸುಲಭ. ಜೊತೆಗೆ ಮೂಟೆಯನ್ನು ಹಗ್ಗ ಹಾಕಿ ಬಿಗಿಯಬಹುದು. ಮನುಷ್ಯರು ತಿರುವಿನಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಕಡೆ ವಾಲುತ್ತಾರೆ.

ಸೀಟಿಂಗ್ ಕೆಪಾಸಿಟಿ: ಆರ್‌ಸಿಯಲ್ಲಿ ಡ್ರೈವರನ್ನೂ ಸೇರಿಸಿ ಬರೆದಿರುತ್ತಾರೆ. ಪಿಕಪ್ಪಿನ ಆರ್‌ಸಿಯಲ್ಲಿ 2 ಅಥವಾ 3 ಅಂತಿದ್ದರೆ ಅದು ಮುಂದಿನ ಕ್ಯಾಬಿನ್ನಿನ ಲೆಕ್ಕ. ಹಿಂದಿನ ತೊಟ್ಟಿಯಲ್ಲಿ ಸೀಟು ಸೊನ್ನೆ.

ಹೈಪಾಥಿಕೇಶನ್: ಗಾಡಿ ಸಾಲದ ಮೇಲಿದೆ, ಸಾಲ ತೀರುವ ತನಕ ಬ್ಯಾಂಕು ಅಥವಾ ಫೈನಾನ್ಸಿನ ಹೆಸರು ಆರ್‌ಸಿಯಲ್ಲಿ ಇರುತ್ತೆ ಅಂತ ಅರ್ಥ. ಹಳೇ ಗಾಡಿ ಕೊಳ್ಳೋರು ಇದನ್ನ ಮೊದಲು ನೋಡಿ. ಸಾಲ ತೀರಿದ ಮೇಲೂ ಆರ್‌ಟಿಒದಲ್ಲಿ ಆ ಹೆಸರು ತೆಗೆಸಬೇಕು, ತಾನಾಗೇ ಹೋಗಲ್ಲ.

ಜೀಪು: ಇದು ಆರ್‌ಸಿಯಲ್ಲಿ ಸಿಗದ ವರ್ಗ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಗಾಡಿಯಿಂದ ಬಂದ ಹೆಸರು. ಮಹೀಂದ್ರಾದವರು 1947ರಿಂದ ಇಲ್ಲಿ ಅದನ್ನ ಜೋಡಿಸೋಕೆ ಶುರುಮಾಡಿದರು. ನಮ್ಮಲ್ಲಿ ಮೇಜರ್, ಕಮಾಂಡರ್, ಬೊಲೆರೊ ಎಲ್ಲವೂ ಬಾಯಿಮಾತಿಗೆ ಜೀಪೇ. ಕಾನೂನಿಗೆ ಬೇಕಾದ್ದು ಅದರ ಆಕಾರ ಅಲ್ಲ, ವರ್ಗ. ಒಂದೇ ಥರ ಕಾಣೋ ಎರಡು ಜೀಪುಗಳಲ್ಲಿ ಒಂದು ಮೋಟಾರ್ ಕಾರ್, ಇನ್ನೊಂದು ಮ್ಯಾಕ್ಸಿ ಕ್ಯಾಬ್ ಇರಬಹುದು.

ಪರ್ಮಿಟ್ಟಿನ ಪದಗಳು

ಸ್ಟೇಜ್ ಕ್ಯಾರೇಜ್: ನಿಗದಿತ ಹಾದಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ, ಜನ ಹತ್ತಿಸಿ ಇಳಿಸಿ, ತಲೆಗಿಷ್ಟು ಟಿಕೆಟ್ ತೆಗೆದುಕೊಳ್ಳೋ ಗಾಡಿ. ಸರ್ಕಾರಿ ಬಸ್ಸು, ಖಾಸಗಿ ರೂಟ್ ಬಸ್ಸು ಎರಡೂ ಇದರಲ್ಲಿ ಬರುತ್ತವೆ.

ಕಾಂಟ್ರ್ಯಾಕ್ಟ್ ಕ್ಯಾರೇಜ್: ಇಡೀ ಗಾಡಿಯನ್ನ ಒಂದು ಪ್ರಯಾಣಕ್ಕೆ ಗೊತ್ತು ಮಾಡೋದು. ಮದುವೆ ಬಸ್ಸು, ಟ್ಯಾಕ್ಸಿ, ಮ್ಯಾಕ್ಸಿ ಕ್ಯಾಬ್ ಇದರಲ್ಲಿ ಬರುತ್ತವೆ. ಒಪ್ಪಂದದಲ್ಲಿ ಇಲ್ಲದವರನ್ನ ದಾರಿಯಲ್ಲಿ ನಿಲ್ಲಿಸಿ ಹತ್ತಿಸಿಕೊಳ್ಳುವಂತಿಲ್ಲ. ಅಂದ್ರೆ ಮಲೆನಾಡಿನ ಎಷ್ಟೋ ಊರುಗಳಲ್ಲಿ ಬಸ್ಸಿಲ್ಲದ ಹೊತ್ತಲ್ಲಿ ಜನರ ಕೈಹಿಡಿಯೋ 'ತಲೆಗೆ ಇಷ್ಟು' ಅನ್ನೋ ಜೀಪು, ಪರ್ಮಿಟ್ ಇದ್ದರೂ, ಕಾನೂನಿನ ಕಣ್ಣಲ್ಲಿ ತಪ್ಪೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ತಪ್ಪು ಜೀಪಿನವನದ್ದಾ, ಬಸ್ಸು ಬಿಡದವರದ್ದಾ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯ್ತು. ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ನಾನು ಈ ಯೋಜನೆಯ ಪರವಾಗಿದ್ದೇನೆ. ಆದರೆ ಸರ್ಕಾರಿ ಬಸ್ಸೇ ಬರದ ಊರಿನ ಹೆಂಗಸಿಗೆ ಆ ಉಚಿತ ಟಿಕೆಟ್ ಎಲ್ಲಿಂದ ಸಿಗಬೇಕು? ಮಲೆನಾಡಿನ ಬಹುಪಾಲು ಹಾದಿಗಳನ್ನ ದಶಕಗಳ ಕಾಲ ನಡೆಸಿದ್ದು ಖಾಸಗಿ ಸ್ಟೇಜ್ ಕ್ಯಾರೇಜುಗಳು. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಲ್ಲ? 1991ರಲ್ಲಿ ಬಸ್ ಕಾರ್ಮಿಕರೇ ಕೂಡಿ ಕಟ್ಟಿಕೊಂಡ ಸಂಘ ಅದು. ನೌಕರರೇ ಮಾಲೀಕರಾಗಿ ಬಸ್ಸು ಓಡಿಸಿದ ಆ ಸಂಸ್ಥೆ 2020ರಲ್ಲಿ ನಿಂತುಹೋಯ್ತು. ಒಂದು ಬಸ್ಸು ನಿಂತಾಗ ಆ ಜಾಗಕ್ಕೆ ಬರೋದು ಖಾಲಿತನ ಅಲ್ಲ. ಜೀಪು ಬರುತ್ತೆ, ಪಿಕಪ್ಪು ಬರುತ್ತೆ. ಹೆಂಗಸರು ಬೆಳಿಗ್ಗೆ ಏಳಕ್ಕೆ ತೋಟದ ಗೇಟಲ್ಲಿ ಇರಲೇಬೇಕು. ಯಾವ ಗಾಡಿ ಸಿಗುತ್ತೋ ಅದನ್ನ ಹತ್ತುತ್ತಾರೆ.

ಎಫ್‌ಸಿ ಮತ್ತು ಎಮಿಷನ್

ಎಫ್‌ಸಿ: ಫಿಟ್‌ನೆಸ್ ಸರ್ಟಿಫಿಕೇಟ್. ಟ್ರಾನ್ಸ್‌ಪೋರ್ಟ್ ವಾಹನಕ್ಕೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ವೈಟ್ ಬೋರ್ಡಿಗೆ ನೋಂದಣಿಯೇ 15 ವರ್ಷ. ಆಮೇಲೆ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹಾಗಾಗಿ ವೈಟ್ ಬೋರ್ಡು ಗಾಡಿಯನ್ನ ಬಾಡಿಗೆಗೆ ಓಡಿಸಿದರೆ ಕಳೆದುಹೋಗೋದು ಸರ್ಕಾರದ ತೆರಿಗೆ ಮಾತ್ರ ಅಲ್ಲ. ಹದಿನೈದು ವರ್ಷದವರೆಗೂ ಅದರ ಬ್ರೇಕನ್ನ ಸರ್ಕಾರದ ಪರವಾಗಿ ಯಾರೂ ನೋಡಿರೋದೇ ಇಲ್ಲ.

ಎಮಿಷನ್: ಹೊಗೆ ಪರೀಕ್ಷೆ. ಗಾಡಿ ಗಟ್ಟಿ ಇದೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಿಎಸ್-6 ಅನ್ನೋದು 2020ರ ಏಪ್ರಿಲ್ 1ರಿಂದ ಜಾರಿಯಾದ ಹೊಗೆಯ ಮಾನದಂಡ.

ಇನ್ಶೂರೆನ್ಸಿನ ಪದಗಳು

ಥರ್ಡ್ ಪಾರ್ಟಿ: ವಿಮೆಯ ಒಪ್ಪಂದದಲ್ಲಿ ಮೊದಲನೆಯವ ಗಾಡಿ ಮಾಲೀಕ, ಎರಡನೆಯವ ಕಂಪನಿ. ಇಬ್ಬರಿಗೂ ಸೇರದೆ, ಆ ಗಾಡಿಯಿಂದ ಏಟು ತಿಂದವನು ಮೂರನೆಯವ. ರಸ್ತೆಯಲ್ಲಿ ನಡೆದು ಹೋಗ್ತಿದ್ದವನು, ಎದುರಿಂದ ಬಂದ ಬೈಕಿನವನು. ಈ ವಿಮೆ ಕಡ್ಡಾಯ. ಇದನ್ನೇ 'ಆಕ್ಟ್ ಪಾಲಿಸಿ' ಅಂತಲೂ ಕರೀತಾರೆ.

ಫುಲ್ ಇನ್ಶೂರೆನ್ಸ್: ಬಾಯಿಮಾತಿನ ಹೆಸರು. ಪಾಲಿಸಿಯಲ್ಲಿ 'ಕಾಂಪ್ರಹೆನ್ಸಿವ್' ಅಥವಾ 'ಪ್ಯಾಕೇಜ್' ಅಂತಿರುತ್ತೆ. ಥರ್ಡ್ ಪಾರ್ಟಿ ಜೊತೆಗೆ ಸ್ವಂತ ಗಾಡಿಯ ಹಾನಿಯನ್ನೂ ಸೇರಿಸಿದ್ದು. 'ಫುಲ್' ಅನ್ನೋ ಪದ ಕೇಳಿ ಒಳಗಿರೋ ಎಲ್ಲರಿಗೂ ಎಲ್ಲವೂ ಇದೆ ಅಂದುಕೊಳ್ಳಬೇಡಿ. ಗೂಡ್ಸ್ ಗಾಡಿಯ ತೊಟ್ಟಿಯಲ್ಲಿ ನಿಂತವರಿಗೆ ಫುಲ್ಲೂ ಇಲ್ಲ, ಹಾಫೂ ಇಲ್ಲ.

ಐಡಿವಿ: ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡೋ ಮೊತ್ತದ ಮಿತಿ. ಪ್ರೀಮಿಯಂ ಕಮ್ಮಿ ಮಾಡೋಕೆ ಇದನ್ನ ತಗ್ಗಿಸಿ ತೋರಿಸೋದುಂಟು. ಹಾಗಾದಾಗ ನಿಮ್ಮ ಕೈಗೆ ಬರೋದೂ ಕಮ್ಮಿ.

ಪಿಲಿಯನ್: ಬೈಕಿನ ಹಿಂಬದಿ ಸವಾರ. ಆಕ್ಟ್ ಪಾಲಿಸಿ ಮಾತ್ರ ಇರೋ ಬೈಕಿನ ಹಿಂಬದಿ ಸವಾರನ ಹೊಣೆ ವಿಮಾ ಕಂಪನಿಗೆ ಬರೋದಿಲ್ಲ ಅಂತ 2006ರಲ್ಲಿ ತಿಲಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗೆಳೆಯನ ಬೈಕು ಹತ್ತುವ ಮುಂಚೆ ಪಾಲಿಸಿ ಯಾವುದು ಅಂತ ಕೇಳೋದು ಅವಮಾನ ಅಲ್ಲ.

ಗ್ರಾಟ್ಯುಯಿಟಸ್ ಪ್ಯಾಸೆಂಜರ್: ನಮ್ಮ ಚಿಕ್ಕಮ್ಮನನ್ನು ಕಾನೂನು ಕರೆದದ್ದು ಈ ಹೆಸರಿಂದ. ದುಡ್ಡು ಕೊಡದೆ ಸುಮ್ಮನೆ ಹತ್ತಿದ ಪ್ರಯಾಣಿಕ ಅಂತ ಅರ್ಥ. ಆಶಾ ರಾಣಿ ಪ್ರಕರಣದಲ್ಲಿ 2002ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಸರಕು ವಾಹನದಲ್ಲಿ ಹೋಗೋ ಇಂಥವರ ಹೊಣೆ ವಿಮಾ ಕಂಪನಿಯದ್ದಲ್ಲ ಎಂದಿತು. 2019ರ ತಿದ್ದುಪಡಿಯಲ್ಲಿ ಇದನ್ನ ಕಾಯ್ದೆಯ 147ನೇ ಸೆಕ್ಷನ್ನಿನೊಳಗೇ ಬರೆದರು: ಟ್ರಾನ್ಸ್‌ಪೋರ್ಟ್ ವಾಹನದ ಪ್ರಯಾಣಿಕರಿಗೆ ವಿಮೆ ಇರಬೇಕು, ಸರಕು ವಾಹನದ ಗ್ರಾಟ್ಯುಯಿಟಸ್ ಪ್ರಯಾಣಿಕರನ್ನು ಬಿಟ್ಟು.

ಚಿಕ್ಕಮ್ಮನಿಗೆ ಇದನ್ನ ವಿವರಿಸಿದಾಗ ಅವಳು ಕೇಳಿದ್ದು ಒಂದೇ: "ನಾನು ಸುಮ್ನೆ ಹತ್ತಿದ್ದಾ? ಕೆಲಸಕ್ಕೆ ಹತ್ತಿದ್ದಲ್ವನಾ?"

ಓನರ್ ಆಫ್ ದ ಗೂಡ್ಸ್: ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ. 1994ರ ತಿದ್ದುಪಡಿಯಿಂದ ಇವರಿಗೆ ವಿಮೆಯ ರಕ್ಷಣೆ ಇದೆ. ಅಂದ್ರೆ ಕಾಫಿ ಮೂಟೆ ಜೊತೆ ಕ್ಯೂರಿಂಗ್ ವರ್ಕ್ಸಿಗೆ ಹೋಗೋ ತೋಟದ ಮಾಲೀಕನಿಗೋ, ಅವನು ಕಳಿಸಿದ ರೈಟ್ರಿಗೋ ಅಪಘಾತವಾದರೆ ಪರಿಹಾರ ಉಂಟು. ಅದೇ ಗಾಡಿಯಲ್ಲಿ, ಅದೇ ತಿರುವಿನಲ್ಲಿ, ಆ ಹಣ್ಣು ಕೊಯ್ದವಳಿಗೆ ಇಲ್ಲ. ಇದನ್ನ ಯಾರೋ ಕೆಟ್ಟ ಮನಸ್ಸಿನಿಂದ ಬರೆದರು ಅಂತ ನಾನು ಹೇಳಲ್ಲ. ಆದರೆ ಬರೆಯುವಾಗ ಯಾರ ಮುಖ ಕಣ್ಣಮುಂದಿತ್ತು, ಯಾರದ್ದು ಇರಲಿಲ್ಲ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಪೇ ಅಂಡ್ ರಿಕವರ್: ಕೆಲವು ಪ್ರಕರಣಗಳಲ್ಲಿ ಕೋರ್ಟು ಕಂಪನಿಗೆ 'ಮೊದಲು ನೀನು ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ' ಅನ್ನುತ್ತೆ. 2004ರ ಬಲ್ಜಿತ್ ಕೌರ್ ಪ್ರಕರಣದಲ್ಲಿ ಸರಕು ವಾಹನದ ಪ್ರಯಾಣಿಕರ ವಿಷಯದಲ್ಲೇ ಸುಪ್ರೀಂ ಕೋರ್ಟ್ ಇಂಥ ದಾರಿ ತೋರಿತ್ತು. ಎಲ್ಲರಿಗೂ ಸಿಗೋ ಹಕ್ಕಲ್ಲ ಇದು. ಆದರೂ ವಕೀಲರ ಹತ್ರ ಈ ಪದ ಎತ್ತಿ ಕೇಳಿ.

ಡಿಎಲ್ಲಿನ ಪದ: ಎಲ್‌ಎಂವಿ

ಲೈಟ್ ಮೋಟಾರ್ ವೆಹಿಕಲ್, ಅಂದ್ರೆ 7,500 ಕೆಜಿಯವರೆಗಿನ ವಾಹನ. ಎಲ್‌ಎಂವಿ ಲೈಸೆನ್ಸ್ ಇಟ್ಟುಕೊಂಡು ಪಿಕಪ್ ಅಥವಾ ಟ್ಯಾಕ್ಸಿ ಓಡಿಸಿದ್ರೆ 'ಬ್ಯಾಡ್ಜ್ ಇಲ್ಲ, ಟ್ರಾನ್ಸ್‌ಪೋರ್ಟ್ ಅಂತ ಬರೆದಿಲ್ಲ' ಅಂತ ಹೇಳಿ ವಿಮಾ ಕಂಪನಿಗಳು ಪರಿಹಾರಕ್ಕೆ ಅಡ್ಡಿ ಮಾಡುತ್ತಿದ್ದವು. 2017ರ ಮುಕುಂದ ದೇವಾಂಗನ್ ತೀರ್ಪು ಡ್ರೈವರುಗಳ ಪರವಾಗಿ ಬಂತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. 7,500 ಕೆಜಿಯೊಳಗಿನ ಟ್ರಾನ್ಸ್‌ಪೋರ್ಟ್ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು. ದುಡಿದು ತಿನ್ನೋ ಸಾವಿರಾರು ಹುಡುಗರಿಗೆ ಇದು ದೊಡ್ಡ ನಿರಾಳ.

ಏರಿಳಿತದ ಪದಗಳು

ಕಾನೂನು ಸಾಕು, ಸ್ವಲ್ಪ ಗಾಡಿಯ ಹೊಟ್ಟೆಯೊಳಗೂ ನೋಡೋಣ. ಮಳೆಗಾಲದಲ್ಲಿ ಕುದುರೆಮುಖ, ಚಾರ್ಮಾಡಿ ಘಾಟಿಗಳಲ್ಲಿ ಈ ಪದಗಳೇ ಜೀವ ಉಳಿಸೋದು.

ಹೌಸಿಂಗ್: ಹಿಂದಿನ ಎರಡು ಚಕ್ರಗಳ ನಡುವೆ ಕಾಣೋ ಗುಂಡಗಿನ ಗಡ್ಡೆ. ಅದರೊಳಗೆ ಡಿಫರೆನ್ಷಿಯಲ್ ಅನ್ನೋ ಹಲ್ಲುಚಕ್ರಗಳಿವೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಲ್ಲ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋದು ಅದರ ಕೆಲಸ. ಅದರ ದೋಷವೂ ಇದೇ. ಒಂದು ಚಕ್ರ ಕೆಸರಲ್ಲಿ ಜಾರಿದರೆ ಅದೇ ಸುಮ್ಮನೆ ತಿರುಗುತ್ತೆ, ಗಟ್ಟಿ ನೆಲದ ಮೇಲಿರೋದು ಕದಲಲ್ಲ.

ಫೋರ್ ವೀಲ್ ಮತ್ತು ಲೋ: ಮಾಮೂಲಿ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಎರಡೇ ಚಕ್ರಕ್ಕೆ. ಫೋರ್ ವೀಲ್ ಹಾಕಿದರೆ ನಾಲ್ಕಕ್ಕೂ. 'ಲೋ' ಹಾಕಿದರೆ ವೇಗ ಇಳಿದು ಎಳೆಯೋ ಬಲ ಏರುತ್ತೆ. ಇದು ಹತ್ತೋಕಷ್ಟೇ ಅಲ್ಲ, ಕಡಿದಾದ ಇಳಿಜಾರಲ್ಲಿ ನಿಧಾನ ಇಳಿಯೋಕೂ ಬೇಕು. ಗಟ್ಟಿ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿಕೊಂಡೇ ಓಡಿಸಿದರೆ ಹಳೇ ಜೀಪುಗಳ ಗೇರು, ಟೈರು ಎರಡೂ ಸವೆಯುತ್ತವೆ.

ಗ್ರೌಂಡ್ ಕ್ಲಿಯರೆನ್ಸ್: ನೆಲಕ್ಕೂ ಗಾಡಿಯ ಹೊಟ್ಟೆಯ ತೀರಾ ಕೆಳಗಿನ ಭಾಗಕ್ಕೂ ನಡುವಿನ ಅಂತರ. ಜೀಪಿನಲ್ಲಿ ಸಾಮಾನ್ಯವಾಗಿ ತೀರಾ ಕೆಳಗಿರೋದು ಹೌಸಿಂಗೇ. ಕಲ್ಲಿಗೆ ತಾಗೋದೂ ಅದೇ.

ಎಂಜಿನ್ ಬ್ರೇಕಿಂಗ್: ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು, ಚಿಕ್ಕ ಗೇರಿನಲ್ಲೇ ಇದ್ದರೆ ಎಂಜಿನ್ನೇ ಗಾಡಿಯನ್ನ ಹಿಡಿದುಕೊಳ್ಳುತ್ತೆ. ಘಾಟಿ ಹತ್ತೋಕೆ ಯಾವ ಗೇರು ಬೇಕಿತ್ತೋ ಇಳಿಯೋಕೂ ಅದೇ ಗೇರು ಅಂತ ಹಳೇ ಡ್ರೈವರುಗಳು ಹೇಳೋದು ಇದಕ್ಕೇ.

ನ್ಯೂಟ್ರಲ್: ಡೀಸೆಲ್ ಉಳಿಸೋಕೆ ಅಂತ ಇಳಿಜಾರಲ್ಲಿ ಗೇರು ತೆಗೆದು ಬಿಡೋದು. ಉಳಿಯೋದು ನಾಲ್ಕು ಕಾಸು. ಎಂಜಿನ್ ಹಿಡಿತ ತಪ್ಪಿ ಎಲ್ಲಾ ಭಾರ ಬ್ರೇಕಿನ ಮೇಲೆ ಬೀಳುತ್ತೆ. ಬ್ರೇಕು ಕಾದಷ್ಟೂ ಹಿಡಿತ ಕಳೆದುಕೊಳ್ಳುತ್ತೆ. ಎಂಜಿನ್ನನ್ನೇ ಆಫ್ ಮಾಡಿದರಂತೂ ಬ್ರೇಕಿಗೆ ಬಲ ಕೊಡೋ ಬೂಸ್ಟರಿನಲ್ಲಿ ಕೆಲವು ಸಲ ಒತ್ತೋವಷ್ಟು ಮಾತ್ರ ಶಕ್ತಿ ಉಳಿದಿರುತ್ತೆ. ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಡ್ರೈವರ್ ನ್ಯೂಟ್ರಲ್ ಮಾಡಿದ್ದು ಕಂಡರೆ ಹಿಂದೆ ಕೂತವರು ಬಾಯಿ ಬಿಟ್ಟು ಹೇಳಬೇಕು: "ಅಣ್ಣಾ, ಗೇರಲ್ಲೇ ಇರ್ಲಿ."

ಅಪಘಾತ ಆದ ಮೇಲಿನ ಪದಗಳು

ಗೋಲ್ಡನ್ ಅವರ್: ಏಟಾದ ಮೊದಲ ಒಂದು ಗಂಟೆ. ಈ ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಬದುಕೋ ಸಾಧ್ಯತೆ ಹೆಚ್ಚು. 2025ರ ಮೇನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಡಿ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ಕೈಯಿಂದ ಕಟ್ಟದೆ ಚಿಕಿತ್ಸೆ ಸಿಗಬೇಕು. ಈ ಮೊತ್ತವನ್ನ ಮರೀಬೇಡಿ, ಆಸ್ಪತ್ರೆಯಲ್ಲಿ ಕೇಳಿ.

ಹಿಟ್ ಅಂಡ್ ರನ್: ಗುದ್ದಿ ಓಡಿಹೋದ, ಗುರುತು ಸಿಗದ ಗಾಡಿ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ರೂಪಾಯಿ ಸರ್ಕಾರದ ನಿಧಿಯಿಂದ ಸಿಗುತ್ತೆ.

ಎಂಎಸಿಟಿ: ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಪಘಾತ ನಡೆದ ಜಾಗದ ವ್ಯಾಪ್ತಿಯಲ್ಲೇ ಹಾಕಬೇಕಂತಿಲ್ಲ, ನೀವು ವಾಸ ಇರೋ ಊರಿನ ವ್ಯಾಪ್ತಿಯಲ್ಲೂ ಅರ್ಜಿ ಹಾಕಬಹುದು. ಆರು ತಿಂಗಳೊಳಗೆ ಹಾಕಬೇಕು ಅಂತ 2019ರ ತಿದ್ದುಪಡಿ ಹೇಳುತ್ತೆ. ಆದ್ದರಿಂದ 'ಮೊದಲು ಗುಣ ಆಗ್ಲಿ, ಆಮೇಲೆ ನೋಡೋಣ' ಅನ್ನಬೇಡಿ.

ನೌಕರರ ಪರಿಹಾರ: ನಮಗೆ ತಡವಾಗಿ ಗೊತ್ತಾದ ಪದ ಇದು. ಕೆಲಸದ ಸಂಬಂಧದಲ್ಲಿ ಏಟಾದರೆ ಕೆಲಸ ಕೊಟ್ಟವನೇ ಪರಿಹಾರ ಕೊಡಬೇಕು ಅನ್ನೋದು 1923ರಷ್ಟು ಹಳೇ ಕಾಯ್ದೆ. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕೆಲಸಕ್ಕೆ ಹೋಗಿ ಬರೋ ದಾರಿಯ ಅಪಘಾತವೂ ಕೆಲಸಕ್ಕೆ ಸಂಬಂಧಪಟ್ಟಿದ್ದರೆ ಅದರಲ್ಲಿ ಬರುತ್ತೆ. ಮೋಟಾರು ವಾಹನ ಕಾಯ್ದೆಯಡಿ ಪರಿಹಾರ ಕೇಳಬೇಕೋ, ಇದರಡಿ ಕೇಳಬೇಕೋ ಅಂತ ಆರಿಸಿಕೊಳ್ಳಬಹುದು. ಎರಡೂ ಕಡೆ ಕೇಳುವಂತಿಲ್ಲ.

ಆದರೆ ಇದಕ್ಕೆ ಒಂದು ಸಾಕ್ಷಿ ಬೇಕು: ನೀನು ಅವನ ಕೆಲಸಗಾರ್ತಿ ಅನ್ನೋದಕ್ಕೆ. ಚಿಕ್ಕಮ್ಮನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಮೇಸ್ತ್ರಿ ಕರೆದ, ಅವಳು ಹೋದಳು, ಸಂಜೆ ಕೂಲಿ ಕೈಗೆ ಬಂತು. ಹತ್ತು ವರ್ಷ ಹೀಗೇ ನಡೆದಿತ್ತು.

ಹಾಗಾದ್ರೆ ಏನು ಮಾಡೋದು?

ಪಿಕಪ್ ಹತ್ತಬೇಡಿ ಅಂತ ಬೆಂಗಳೂರಲ್ಲಿ ಕೂತು ಬರೆಯೋದು ಸುಲಭ. ಹತ್ತದಿದ್ದರೆ ಅವತ್ತಿನ ಕೂಲಿ ಇಲ್ಲ. ಪೊಲೀಸರು ದಾಳಿ ಮಾಡಿದಾಗ ದಂಡ ಬೀಳೋದು ಡ್ರೈವರಿಗೆ, ದಾರಿ ಮಧ್ಯೆ ಇಳಿದು ನಡೆಯೋದು ಹೆಂಗಸರು. ತೋಟದ ಗೇಟು ಆ ದಿನವೂ ಏಳಕ್ಕೇ ತೆರೆದಿರುತ್ತೆ, ಅಲ್ಲಿಗೆ ಯಾವ ನೋಟಿಸೂ ಹೋಗಲ್ಲ.

ಹಾಗಾಗಿ ನಾವು ಕೇಳಬೇಕಾದ್ದು ಮೂರು. ಕೊಯ್ಲಿನ ತಿಂಗಳುಗಳಲ್ಲಿ ಬೆಳಗಿನ ಹೊತ್ತು, ಸಂಜೆ ಹೊತ್ತು ಬಸ್ಸು. ಬಸ್ಸು ಹೋಗಲಾಗದ ಹಾದಿಗೆ ಕಮ್ಮಿ ಖರ್ಚಿನಲ್ಲಿ, ತಲೆಗೆ ಇಷ್ಟು ಅಂತ ಕೂರಿಸೋಕೆ ಅವಕಾಶ ಇರೋ ಪರ್ಮಿಟ್ಟು, ಹಾಗೆ ಓಡೋ ಜೀಪು ಕದ್ದು ಓಡಬೇಕಾಗಿಲ್ಲದ ಹಾಗೆ. ಕೆಲಸಗಾರರನ್ನು ಕರೆಸಿಕೊಳ್ಳೋ ಮಾಲೀಕನಿಗೆ, ಅವರು ಬರೋ ಗಾಡಿಯ ಹೊಣೆ ಮತ್ತು ಹಾಜರಿ ಪುಸ್ತಕದ ಹೊಣೆ. ಇದ್ಯಾವುದೂ ಕ್ರಾಂತಿ ಅಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದಾದ ಮಾತು.

ಅಲ್ಲಿಯವರೆಗೆ ಊರಲ್ಲಿರೋ ಓದಿದ ಹುಡುಗ ಹುಡುಗಿಯರು ಮಾಡಬಹುದಾದ್ದು ಒಂದಿದೆ. ಅಮ್ಮನೋ, ಅತ್ತೆಯೋ, ಪಕ್ಕದ ಮನೆ ಅಕ್ಕನೋ ದಿನಾ ಹತ್ತೋ ಗಾಡಿಯ ನಂಬರ್ ಬರೆದಿಟ್ಟುಕೊಳ್ಳಿ. ಆ್ಯಪಿನಲ್ಲಿ ಹಾಕಿ ವೆಹಿಕಲ್ ಕ್ಲಾಸ್ ನೋಡಿ. ಕೂಲಿ ಕೊಟ್ಟ ದಿನ, ತೋಟದ ಹೆಸರು, ಮೇಸ್ತ್ರಿ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಾಧ್ಯವಾದರೆ ಕೂಲಿ ಬ್ಯಾಂಕ್ ಖಾತೆಗೇ ಬರೋ ಹಾಗೆ ಕೇಳಿ.

ನಮ್ಮ ಮನೆಯಲ್ಲಿ ಈಗ ಅಂಥದ್ದೊಂದು ನೋಟ್‌ಬುಕ್ ಇದೆ. ಚಿಕ್ಕಮ್ಮ ಕುಯ್ಯೋಕೆ ಹೋಗಲ್ಲ, ಅವಳ ಮಗಳು ಹೋಗ್ತಾಳೆ. ಬೆಳಿಗ್ಗೆ ಗಾಡಿ ಬಂದು ಹಾರ್ನ್ ಹಾಕಿದಾಗ ಚಿಕ್ಕಮ್ಮ ಜಗಲಿಯಿಂದಲೇ ಕೂಗಿ ಕೇಳ್ತಾಳೆ: "ಇವತ್ತು ಯಾವ ಗಾಡಿ, ಗೂಡ್ಸಾ?"